ತಗೊಳ್ಳಿ ಸಾರ್, ಸಮುದ್ರ

ನಾನು ಪಿಎಚ್.ಡಿ. ಮುಗಿಸಿ ಅಡುಗೆಮನೆಯ ಕಟ್ಟೆಗೆ ಹಾಕುವ ಕಲ್ಲು ಮಾರುತ್ತಿದ್ದೆ. ಇದನ್ನು ಕೇಳಿದ ಜನ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಯಾಕೆ? ಭೂವಿಜ್ಞಾನ ಓದಿದವಳಿಗೆ ದಿನವಿಡೀ ಕಲ್ಲುಗಳ ನಡುವೆ ನಿಲ್ಲುವ ಕೆಲಸ ಸಿಕ್ಕಿತ್ತು. ನನ್ನ ಜೊತೆ ಓದಿದವಳೊಬ್ಬಳು ವಿಮೆ ಪಾಲಿಸಿ ಹಿಡಿದುಕೊಂಡು ಮನೆ ಮನೆ ಅಲೆಯುತ್ತಿದ್ದಳು. ಆದರೆ ನನಗೆ ಬೇಕಾಗಿದ್ದು ಮಾರುವುದಲ್ಲ, ಪಾಠ ಮಾಡುವುದು. ಹೇಳಿದರೆ ನಗುತ್ತಾರೆಂದು ಆ ಆಸೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಅದು ಆಗಾಗ ತಡೆಯಲಾರದೆ ಗಿರಾಕಿಗಳ ಮೇಲೆ ಹರಿಯುತ್ತಿತ್ತು.

"ಕಪ್ಪು ಗ್ರಾನೈಟ್ ತೋರ್ಸಿ" ಎಂದು ಯಾರಾದರೂ ಕೇಳಿದರೆ ನನ್ನಿಂದ ಸುಮ್ಮನಿರಲು ಆಗುತ್ತಿರಲಿಲ್ಲ. "ಇದು ಗ್ರಾನೈಟ್ ಅಲ್ಲ, ಡಾಲರೈಟ್. ಗ್ರಾನೈಟ್ ಆಳದಲ್ಲಿ ನಿಧಾನವಾಗಿ ತಣ್ಣಗಾಗತ್ತೆ. ಇದು ನೆಲದ ಬಿರುಕಿಗೆ ನುಗ್ಗಿ ಅವಸರದಲ್ಲಿ ಗಟ್ಟಿಯಾಗಿದ್ದು" ಎಂದು ಶುರುಮಾಡುತ್ತಿದ್ದೆ. ಗಿರಾಕಿ ಮಿಕಮಿಕ ನೋಡುತ್ತಿದ್ದ. ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಕಲ್ಲು ತೋರ್ಸಮ್ಮ ತಾಯಿ, ಅದರ ವಂಶಾವಳಿ ಹೇಳ್ಬೇಡ. ಅವ್ರು ಅದರ ಮೇಲೆ ಈರುಳ್ಳಿ ಹೆಚ್ಚೋರು."

ಒಂದು ದಿನ ಬಟ್ಟೆಯ ಚೀಲ ಹಿಡಿದ ಹಿರಿಯರೊಬ್ಬರು ಬಂದು ಅದೇ ಕಪ್ಪು ಗ್ರಾನೈಟ್ ಕೇಳಿದರು. ನಾನು ಅದೇ ಪುರಾಣ ಬಿಚ್ಚಿದೆ. ಅವರು ಅಡ್ಡ ಮಾತಾಡದೆ, ಮುಖದ ಒಂದು ಗೆರೆಯನ್ನೂ ಅಲುಗಿಸದೆ ಪೂರ್ತಿ ಕೇಳಿಸಿಕೊಂಡರು. ಇವರಿಗೆ ಕಿವಿ ಮಂದವೇನೋ ಎಂದು ನಾನು ಮತ್ತೆ ಗಟ್ಟಿಯಾಗಿ ಹೇಳಿದೆ.

"ಕೇಳಿಸ್ತು" ಎಂದರು ಅವರು. "ಅದು ಡಾಲರೈಟ್ ಅಂತ ನಂಗೂ ಗೊತ್ತು. ನಿಮಗೆ ಗೊತ್ತಾ ಅಂತ ನೋಡ್ದೆ. ಎಲ್ಲಿ ಓದಿದ್ದು?"

ಅವರು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ಮುಖ್ಯಸ್ಥರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ಬಂಡೆ' ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು. ಬೇರೆ ಬೇರೆ ವಿಭಾಗದವರೆಲ್ಲ ಆರಿಸಿಕೊಳ್ಳಬಹುದಾದ ಒಂದು ಐಚ್ಛಿಕ ವಿಷಯವಿದೆ, ಭೂಮಿಯ ಕಥೆ ಅಂತ. ಅದನ್ನು ಕಲಿಸಲು ಅರೆಕಾಲಿಕ ಉಪನ್ಯಾಸಕರು ಬೇಕು ಎಂದರು. ಷರತ್ತು ಒಂದೇ.

"ಮೊದಲನೇ ಕ್ಲಾಸಿಗೆ ನಾನು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ. ಸರಿ ಅನ್ಸಿದ್ರೆ ಟರ್ಮ್ ಪೂರ್ತಿ ನಿಮ್ದು. ಇಲ್ದಿದ್ರೆ ಚಹಾ ಕುಡ್ಕೊಂಡು ಹೋಗಿ. ಈಗಾಗ್ಲೆ ಇಬ್ಬರು ಬಂದಿದ್ರು. ಒಬ್ಬರು ಪುಸ್ತಕ ನೋಡ್ಕೊಂಡು ಓದಿದ್ರು, ಇನ್ನೊಬ್ಬರು ಪರದೆ ನೋಡ್ಕೊಂಡು ಓದಿದ್ರು. ಇಬ್ಬರಿಗೂ ಚಹಾ ಕುಡಿಸ್ದೆ."

ಅವರು ಕಲ್ಲು ಕೊಳ್ಳದೆ ಹೋದರು. ಯಜಮಾನರು ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಮಾತು ಎಂದರೆ ಅವರಿಗೆ ಅಳೆದು ತೂಗುವ ಸಾಮಾನು.

"ಪಾರ್ಟ್ ಟೈಮ್ ಅಂದ್ರೆ ಹೇಗೇ? ಅರ್ಧ ಪಾಠ ಹೇಳಿ ಎದ್ದು ಬಂದ್ಬಿಡ್ತೀಯಾ?"

"ಅಮ್ಮ, ಸುಮ್ನಿರು" ಎಂದ ನನ್ನ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. "ಲಿಫ್ಟ್ ಅರ್ಧಕ್ಕೆ ನಿಂತ್ರೆ ನನ್ನ ಕರೀತಾರೆ. ಇವಳ ಪಾಠ ಅರ್ಧಕ್ಕೆ ನಿಂತ್ರೆ ಯಾರನ್ನ ಕರೀಬೇಕು ಅಂತ ಯೋಚ್ನೆ ಮಾಡು."

ಕಾಲೆಳೆಯುವುದರಲ್ಲಿ ತಾಯಿ ಮಗ ಇಬ್ಬರೂ ಒಂದೇ ಅಚ್ಚು. ಆದರೂ ಮುಂದಿನ ದಿನಗಳಲ್ಲಿ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ನನ್ನ ವಿದ್ಯಾರ್ಥಿಯಾದರು. ನಾನು ಪಾಠ ಹೇಳುತ್ತಿದ್ದೆ, ಅವರು ಹುರುಳಿಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದರು, ಹಾಗೇ ತೂಕಡಿಸುತ್ತಿದ್ದರು. "ನಿದ್ದೆ ಬಂತಾ ಅತ್ತೆ?" ಎಂದರೆ ಥಟ್ಟನೆ ಎದ್ದು, "ನೀನು ನನ್ನ ಜೊತೆ ಮಾತಾಡ್ತಿಲ್ಲ ಕಣೇ, ಗೋಡೆ ಜೊತೆ ಮಾತಾಡ್ತಿದೀಯ. ಆ ಕಡೆ ಒಬ್ಬರು ಇದಾರೆ ಅಂತ ತಿಳ್ಕೊಂಡು ಮಾತಾಡು" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಅವರು ಹೇಳುತ್ತಿದ್ದುದು ನಿಜ.

ಕ್ಲಾಸು ಇದ್ದದ್ದು ಮಧ್ಯಾಹ್ನ, ಊಟವಾದ ಮೇಲೆ. ನಾನು ಬಹಳ ಮುಂಚೆಯೇ ಹೋಗಿ ಖಾಲಿ ಲೆಕ್ಚರ್ ಹಾಲ್‌ನೊಳಗೆ ಕಾಲಿಟ್ಟೆ. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು ಸೂರಿನವರೆಗೆ ಏರಿದ್ದವು. ಒಂದು ಕಡೆ ಉದ್ದಕ್ಕೂ ಎತ್ತರದ ಕಿಟಕಿಗಳು, ಮುಂದೆ ಕರಿಹಲಗೆ. ಒಂದು ಹಲಗೆಯನ್ನು ಮೇಲೆ ತಳ್ಳಿದರೆ ಇನ್ನೊಂದು ತಾನಾಗಿ ಕೆಳಗೆ ಇಳಿಯುತ್ತಿತ್ತು. ಇಂಥ ಹಲಗೆಗಳಿಗೆ ಮುಖ ಮಾಡಿ ನಾನು ಅರ್ಧ ಆಯುಸ್ಸು ಕಳೆದಿದ್ದೇನೆ. ಬೆನ್ನು ಮಾಡಿ ನಿಂತದ್ದು ಅದೇ ಮೊದಲು. ಅಲ್ಲಿ ನಿಂತು ಮೇಲೆ ನೋಡಿದಾಗ ಮೈ ಜುಮ್ಮೆಂದಿತು. ಈ ಎಲ್ಲ ಬೆಂಚುಗಳೂ ಒಬ್ಬರು ಮಾತಾಡಲಿ ಎಂದೇ ಕಟ್ಟಿದವು, ಇವತ್ತು ಆ ಒಬ್ಬರು ನಾನು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು "ನಮಸ್ಕಾರ" ಎಂದೆ. ದನಿ ಕೊನೆಯ ಬೆಂಚಿನವರೆಗೆ ಹೋಯಿತು.

ಆಮೇಲೆ ಕಲ್ಲುಗಳನ್ನು ತರಲು ಸಾಮಾನು ಕೋಣೆಗೆ ಹೋದೆ. ವಿಭಾಗದ ಪುಟ್ಟ ಮ್ಯೂಸಿಯಮ್ಮಿಗೆ ಬಣ್ಣ ಬಳಿಯುತ್ತಿದ್ದರು; ಏಣಿ, ಡಬ್ಬ, ಹಳೆಯ ಪತ್ರಿಕೆಗಳ ರಾಶಿ ಕಾರಿಡಾರಿನ ತುಂಬ. ಕೋಣೆಯ ಮೇಜಿನ ಮೇಲೆ ಕಲ್ಲುಗಳು ಸಾಲಾಗಿದ್ದವು. ಕೈಗೆ ಸಿಕ್ಕಿದ್ದನ್ನು ಟ್ರೇಯಲ್ಲಿ ತುಂಬಿಕೊಂಡೆ. ಅದರಲ್ಲಿ ಮುಷ್ಟಿಗಿಂತ ದೊಡ್ಡದಾದ, ಮಾಸಲು ಗುಲಾಬಿ ಬಣ್ಣದ ಉಪ್ಪುಗಲ್ಲೊಂದಿತ್ತು, ಗಣಿಯಿಂದ ತೆಗೆದದ್ದು. ನಮ್ಮ ವಿಷಯ ಓದಿಸುವ ಕಡೆಯಲ್ಲೆಲ್ಲ ಇಂಥದ್ದೊಂದು ಇದ್ದೇ ಇರುತ್ತದೆ. ಪಾಠದ ಕಲ್ಲುಗಳನ್ನು ಗೀರುತ್ತೇವೆ, ಒಡೆಯುತ್ತೇವೆ, ಆಸಿಡ್ ಹಾಕುತ್ತೇವೆ. ಮ್ಯೂಸಿಯಮ್ಮಿನ ಕಲ್ಲುಗಳನ್ನು ಬರೀ ನೋಡುತ್ತೇವೆ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಮೇಜಿನ ಮೇಲಿದ್ದವು ಯಾವ ಜಾತಿಯವು ಎಂದು ಕೇಳಬೇಕೆಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಹಾಲ್ ತುಂಬಿತು. ವಾಣಿಜ್ಯದವರು, ಭಾಷೆ ಓದುವವರು, ಕೆಲಸ ಮುಗಿಸಿ ಬಂದವರು, ಕೆಲಸಕ್ಕೆ ಹೋಗಬೇಕಾದವರು. ಇವರಲ್ಲಿ ಯಾರಿಗೂ ಕಲ್ಲು ಬೇಕಿರಲಿಲ್ಲ, ಅಂಕ ಬೇಕಿತ್ತು. ಬಂಡೆ ಕೊನೆಯಲ್ಲಿ ಬಂದು, ಯಾರ ಕಡೆಗೂ ನೋಡದೆ, ಎಲ್ಲಕ್ಕಿಂತ ಮೇಲಿನ ಬೆಂಚಿನಲ್ಲಿ ಕುಳಿತರು.

ನಾನು ಪರದೆಯ ಮೇಲೆ ಚಿತ್ರಗಳನ್ನು ಹಾಕಿ ಪಾಠ ಶುರುಮಾಡಿದೆ. ಭೂಮಿಯ ಪದರಗಳು, ಶಿಲೆಗಳ ಬಗೆಗಳು. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು, ಕಣ್ಣು ಮಾತ್ರ ಬೆಂಚುಗಳ ಮೇಲಿತ್ತು. ಮೊದಲು ಒಬ್ಬನ ತಲೆ ವಾಲಿತು. ಆಮೇಲೆ ಒಂದು ಸಾಲೇ ವಾಲಿತು. ಒಬ್ಬಾಕೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಳು, ಅದೊಂದು ಕಲೆ. ಪರದೆ ನೋಡಿಕೊಂಡು ಓದಿದವರ ಕಥೆ ನೆನಪಾಯಿತು. ಈ ಒಂದು ಕ್ಲಾಸು ಕೈತಪ್ಪಿದರೆ ಮತ್ತೆ ಅಂಗಡಿ, ಮತ್ತೆ ಈರುಳ್ಳಿ ಹೆಚ್ಚುವ ಕಟ್ಟೆ, ಇಂಥ ಹಾಲ್‌ನ ಒಳಗೆ ಇನ್ನು ಯಾವ ಜನ್ಮಕ್ಕೋ. ಏನು ಮಾಡಬೇಕೆಂದು ತೋಚದೆ ಟ್ರೇಯಿಂದ ಒಂದು ಮರಳುಗಲ್ಲನ್ನು ಎತ್ತಿಕೊಂಡೆ. ಎತ್ತಿಕೊಂಡವಳು ಅದನ್ನು ನೆಕ್ಕಿದೆ.

ಬೇಕೆಂದು ಮಾಡಿದ್ದಲ್ಲ. ಒಣಗಿದ ಕಲ್ಲಿನಲ್ಲಿ ಏನೂ ಕಾಣುವುದಿಲ್ಲ. ಒದ್ದೆಯಾದರೆ ಕಣಗಳು, ಬಣ್ಣಗಳು ಎದ್ದು ಬರುತ್ತವೆ. ಬೆಟ್ಟಗುಡ್ಡದಲ್ಲಿ ನೀರು ಹುಡುಕಿಕೊಂಡು ಯಾರು ಹೋಗುತ್ತಾರೆ? ನಾಲಗೆ ಜೊತೆಯಲ್ಲೇ ಇರುತ್ತದೆ. ನಮ್ಮವರೆಲ್ಲ ಹೀಗೇ ಮಾಡುತ್ತಾರೆ. ಆದರೆ ನಮ್ಮವರಲ್ಲದವರ ಮುಂದೆ ಯಾರೂ ಮಾಡುವುದಿಲ್ಲ.

ನಡುವಿನ ಸಾಲಿನಿಂದ ದಪ್ಪ ದನಿಯೊಂದು ಬಂತು. "ಪಾಪ, ಮೇಡಂ ಊಟ ಮಾಡಿಲ್ಲ ಅನ್ಸತ್ತೆ."

ಇಡೀ ಹಾಲ್ ಗೊಳ್ಳೆಂದಿತು. ಮಲಗಿದ್ದವರೂ ಎದ್ದು, ಯಾಕೆಂದು ಗೊತ್ತಿಲ್ಲದೆ, ನಕ್ಕರು. ನಾನು ಮೇಲೆ ನೋಡಿದೆ. ಬಂಡೆಯ ಮುಖ ಬಂಡೆಯ ಹಾಗೇ ಇತ್ತು.

ನನಗೆ ಸಿಟ್ಟು ಬಂದರೆ ಭಯ ಓಡಿಹೋಗುತ್ತದೆ, ಅದು ಹುಟ್ಟುಗುಣ. ಪರದೆ ಆರಿಸಿದೆ. "ಊಟ ಮಾಡಿದೀನಿ" ಎಂದೆ. "ನೀವೂ ಮಾಡಿದೀರ, ಗೊರಕೆ ಕೇಳಿಸ್ತು. ಈಗ ಊಟದ ಮೇಲೆ ಸ್ವಲ್ಪ ಉಪ್ಪು ತಿನ್ನಿ." ಉಪ್ಪುಗಲ್ಲನ್ನೂ ನನ್ನ ಚೀಲದಲ್ಲಿದ್ದ ಚಾಕುವನ್ನೂ ಮುಂದಿನ ಬೆಂಚಿನ ಮೇಲೆ ಇಟ್ಟೆ.

ಆ ಬೆಂಚಿನಲ್ಲಿ ಬಿಳಿ ಬೂಟು ಹಾಕಿದ ಒಬ್ಬಾಕೆ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಓದುತ್ತಿದ್ದವಳು. ಎಲ್ಲರೂ ಆಕೆಯನ್ನು ನರ್ಸಕ್ಕ ಎನ್ನುತ್ತಿದ್ದರು. ಆಕೆ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮೇಡಂ, ಇದನ್ನ ಇಲ್ಲಿವರೆಗೆ ಎಷ್ಟು ಜನ ನೆಕ್ಕಿದಾರೋ?"

"ಹೊರಗಿಂದು ಕೆರೆದು ಬಿಸಾಕಿ. ಒಳಗಿಂದು ತಿನ್ನಿ."

ಆಕೆ ಕೆರೆದಳು ನೋಡಿ! ಗಾಯ ತೊಳೆಯುವ ಶ್ರದ್ಧೆಯಿಂದ ಒಂದು ಪಕ್ಕವನ್ನು ಪೂರ್ತಿ ಕೆರೆದು, ಪುಡಿಯನ್ನು ಕಾಗದದಲ್ಲಿ ಕಟ್ಟಿ ಬುಟ್ಟಿಗೆ ಹಾಕಿದಳು. ಆಮೇಲೆ ಒಳಗಿನಿಂದ ಚಿಟಿಕೆಯಷ್ಟು ಅಂಗೈಗೆ ಉದುರಿಸಿಕೊಂಡು ಕಲ್ಲು, ಚಾಕು ಎರಡನ್ನೂ ಪಕ್ಕದವರಿಗೆ ದಾಟಿಸಿದಳು. ಕಲ್ಲು ಬೆಂಚಿನಿಂದ ಬೆಂಚಿಗೆ ಮೇಲೇರತೊಡಗಿತು.

"ಬಾಯಿಗೆ ಹಾಕ್ಕೊಂಡೋರು ನುಂಗ್ಬೇಡಿ. ಇಟ್ಕೊಂಡು ಕೇಳಿ" ಎಂದೆ. ಎಲ್ಲಿಂದ ಬಂತೋ ಮಾತು, ನಾನು ಬರೆದುಕೊಂಡದ್ದಲ್ಲ, ಅಡುಗೆಮನೆಯಲ್ಲಿ ಹೇಳಿದ್ದೂ ಅಲ್ಲ. "ಇದು ಒಂದು ಸಮುದ್ರ. ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಇತ್ತು. ಆಗ ಮನುಷ್ಯರಿಲ್ಲ ಬಿಡಿ, ಭೂಮಿ ಮೇಲೆ ಒಂದು ಹಕ್ಕಿ ಇರಲಿಲ್ಲ, ಒಂದು ಹೂವು ಇರಲಿಲ್ಲ. ಅಲೆ ಬರ್ತಿತ್ತು, ಹೋಗ್ತಿತ್ತು, ಆ ಸದ್ದು ಕೇಳೋಕೆ ದಡದಲ್ಲಿ ನಮ್ಮಂಥೋರು ಯಾರೂ ಇಲ್ಲ. ಆಮೇಲೆ ಅದರ ದಾರಿ ಮುಚ್ಚಿಹೋಯ್ತು. ಬಿಸಿಲಿಗೆ ಬತ್ತಿತು. ಉಪ್ಪು ಉಳೀತು, ಅದರ ಮೇಲೆ ಮಣ್ಣು ಬಿತ್ತು, ಬೆಟ್ಟ ಬೆಳೀತು. ಅವತ್ತಿಂದ ಇವತ್ತಿನವರೆಗೆ ಇದಕ್ಕೆ ನೀರು ಸೋಕಿಲ್ಲ. ಸೋಕಿದ್ರೆ ಕರಗಿಹೋಗ್ತಿತ್ತು. ಇಷ್ಟು ಕಾಲ ಕಾದಿದ್ದು, ಈಗ ಅದಕ್ಕೆ ಸಿಕ್ಕಿರೋ ನೀರು ನಿಮ್ಮ ಬಾಯಲ್ಲಿದೆ. ಅದು ಮತ್ತೆ ಸಮುದ್ರ ಆಗ್ತಿದೆ, ನಿಮ್ಮ ನಾಲಗೆ ಮೇಲೆ."

ಹಾಲ್ ಸ್ತಬ್ಧವಾಯಿತು. ಮಲಗಿದವರ ಮೌನ ಬೇರೆ, ಇದು ಬೇರೆ. ಅಷ್ಟು ಜನ ಬಾಯಿ ಮುಚ್ಚಿಕೊಂಡು, ಎಲ್ಲೂ ನೋಡದ ಕಣ್ಣುಗಳಿಂದ, ಒಂದೇ ಸಮುದ್ರವನ್ನು ಚಪ್ಪರಿಸುತ್ತಿದ್ದರು. ಈ ಪಾಠವನ್ನು ನಾನು ವರ್ಷಗಟ್ಟಲೆ ಓದಿದ್ದೆ, ಆದರೆ ಅದು ಇಷ್ಟು ದೊಡ್ಡದೆಂದು ಅವರ ಮುಖ ನೋಡಿದ ಮೇಲೆಯೇ ತಿಳಿದದ್ದು.

ಊಟದ ತಮಾಷೆ ಮಾಡಿದ ದಪ್ಪ ದನಿಯವನು ಕೈ ಎತ್ತಿದ. "ಮೇಡಂ, ನಾನು ನುಂಗ್ಬಿಟ್ಟೆ. ಈಗ ಅದು ಎಲ್ಲಿಗೆ ಹೋಗತ್ತೆ?"

"ನಿಮ್ಮ ರಕ್ತಕ್ಕೆ. ಸಂಜೆ ಬೆವರಲ್ಲಿ ಒಂದಿಷ್ಟು ಹೊರಗೆ ಬರತ್ತೆ. ಅತ್ತರೆ ಕಣ್ಣೀರಲ್ಲಿ."

ಅವನು ತನ್ನ ಮುಂಗೈಯನ್ನು ಹೊಸದಾಗಿ ಕಂಡವನ ಹಾಗೆ ನೋಡಿಕೊಂಡ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಕಲ್ಲು ಕೊನೆಯ ಬೆಂಚು ಮುಟ್ಟಿತ್ತು. ಅಲ್ಲಿದ್ದ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂಡೆಯ ಕಡೆ ಚಾಚಿದಳು.

"ತಗೊಳ್ಳಿ ಸಾರ್, ಸಮುದ್ರ."

ಅವರು ತೆಗೆದುಕೊಂಡರು. ನೋಡಿದರು. ಎದ್ದು ನಿಂತರು.

"ಇದು ನಿಮ್ಮ ಕೈಗೆ ಹೇಗೆ ಬಂತು?" ಪ್ರಶ್ನೆ ಮೇಲಿನಿಂದ ನೇರವಾಗಿ ನನಗೆ ಬಂತು.

"ಸಾಮಾನು ಕೋಣೆ ಮೇಜಿಂದ ತಂದೆ ಸಾರ್."

"ಬಣ್ಣ ಬಳೀತಿದಾರೆ ಅಂತ ಮ್ಯೂಸಿಯಂ ಕಲ್ಲುಗಳನ್ನ ಅಲ್ಲಿ ಇರಿಸಿದ್ದೆ. ಇದರ ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಇತ್ತಲ್ಲ?"

"ಅದಾ ಸಾರ್?" ಎಂದಳು ನರ್ಸಕ್ಕ, ಹೆಮ್ಮೆಯಿಂದ. "ಏನೋ ಗಲೀಜು ಮೆತ್ತಿತ್ತು. ಚೆನ್ನಾಗಿ ಕೆರೆದು ಬುಟ್ಟಿಗೆ ಹಾಕ್ದೆ."

ನಾನು ವಿಭಾಗದ ಮ್ಯೂಸಿಯಮ್ಮನ್ನು ವಿದ್ಯಾರ್ಥಿಗಳಿಗೆ ತಿನ್ನಿಸಿದ್ದೆ. ಪುಸ್ತಕ ಓದಿದವರು, ಪರದೆ ಓದಿದವರು ನನಗಿಂತ ಸಾವಿರ ಪಾಲು ವಾಸಿ. ಅವರು ಏನನ್ನೂ ಹಾಳುಮಾಡದೆ ಚಹಾ ಕುಡಿದು ಹೋಗಿದ್ದರು. ನನಗೆ ಇವರು ಚಹಾ ಕೊಡುವುದೂ ಅನುಮಾನ.

"ಅವರದ್ದಲ್ಲ ಸಾರ್, ತಪ್ಪು ನನ್ನದೇ" ಎಂದೆ. "ಪಾಠದ ಕಲ್ಲು ಅಂದ್ಕೊಂಡೆ. ಯಾರನ್ನೂ ಕೇಳಲಿಲ್ಲ."

ಅವರು ಕಲ್ಲನ್ನು ಎದೆಗೆ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ನನ್ನನ್ನು ದಾಟಿ ಕಿಟಕಿಯ ಹತ್ತಿರ ಹೋದರು.

"ಇದರೊಳಗೆ ಒಂದು ಹನಿ ಇತ್ತು" ಎಂದರು, ನಮಗಲ್ಲ, ಕಿಟಕಿಗೆ ಹೇಳುವವರ ಹಾಗೆ. "ಉಪ್ಪು ಗಟ್ಟಿಯಾಗೋವಾಗ ಸಮುದ್ರದ ನೀರೇ ಒಂದು ಹನಿ ಒಳಗೆ ಸಿಕ್ಕಿಹಾಕ್ಕೊಂಡಿತ್ತು. ನಾನು ವಿದ್ಯಾರ್ಥಿ ಆಗಿದ್ದಾಗ ನಮ್ಮ ಮೇಷ್ಟ್ರು ತೋರ್ಸಿದ್ರು. ಆಮೇಲೆ ಗಾಜಿನ ಪೆಟ್ಟಿಗೆ ಸೇರ್ತು, ಮುಟ್ಟಬಾರದು ಅಂತಾಯ್ತು. ಗಾಳಿ ತೇವಕ್ಕೆ ಮೈಯೆಲ್ಲ ಮಬ್ಬಾಯ್ತು. ಬಂದೋರಿಗೆಲ್ಲ ಒಳಗೆ ಹನಿ ಇದೆ ಅಂತ ಹೇಳ್ತಾ ಬಂದೆ. ಅವರೂ ನಂಬ್ತಾ ಬಂದ್ರು."

ಚಾಕು ಎಷ್ಟು ಆಳಕ್ಕೆ ಹೋಗಿತ್ತೋ? ಅಷ್ಟು ಕೋಟಿ ವರ್ಷ ಕಾದುಕೊಂಡು ಬಂದ ಹನಿ ಯಾರದೋ ಅಂಗೈಯಲ್ಲಿ ಒರೆಸಿಹೋಗಿದ್ದರೆ?

ಬಂಡೆ ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ, ನರ್ಸಕ್ಕ ಕೆರೆದಿದ್ದ ಪಕ್ಕವನ್ನು ಮೆಲ್ಲಗೆ ಉಜ್ಜಿದರು. ಮತ್ತೆ ಒದ್ದೆ ಮಾಡಿಕೊಂಡು ಉಜ್ಜಿದರು. ಮಬ್ಬು ಹೋಗಿ ಕಲ್ಲಿನ ಆ ಪಕ್ಕ ಗಾಜಿನಂತೆ ತಿಳಿಯಾಯಿತು. ಅದನ್ನು ಬೆಳಕಿಗೆ ಎತ್ತಿ ಹಿಡಿದು ಒಂದು ಕಡೆ ವಾಲಿಸಿದರು. ಇನ್ನೊಂದು ಕಡೆ ವಾಲಿಸಿದರು.

"ಇದೆ" ಎಂದರು.

ಆಗ ಅವರ ಮುಖ ಅಲುಗಿತು. ತುಟಿ, ಕೆನ್ನೆ, ಹುಬ್ಬು ಎಲ್ಲ ಒಟ್ಟಿಗೆ. ವಯಸ್ಸಾದ ಆ ಮುಖದೊಳಗಿಂದ ಎಂದೋ ಕಿಟಕಿಯ ಪಕ್ಕ ನಿಂತಿದ್ದ ವಿದ್ಯಾರ್ಥಿಯೊಬ್ಬ ಹೊರಗೆ ಬಂದ. "ಇದೆ ಕಣ್ರೀ, ಇದೆ. ನಂಗೇ ಅನುಮಾನ ಶುರುವಾಗಿತ್ತು. ಸುಳ್ಳು ಹೇಳ್ತಿದೀನೇನೋ ಅಂತ. ಬನ್ನಿ, ಎಲ್ಲರೂ ಬನ್ನಿ."

ಯಾರೂ ಹೇಳದೆಯೇ ಸಾಲು ನಿಂತಿತು. ಅವರು ಕಲ್ಲನ್ನು ಕೈಬಿಡದೆ ಒಬ್ಬೊಬ್ಬರ ಕಣ್ಣಿನ ಮುಂದೆ ಹಿಡಿದು ವಾಲಿಸಿ ತೋರಿಸಿದರು. ನೋಡಿದವರು ಪಕ್ಕಕ್ಕೆ ಸರಿದರು, ಹೊರಗೆ ಹೋಗಲಿಲ್ಲ, ಮತ್ತೆ ಸಾಲಿನ ಕೊನೆಗೆ ನಿಂತರು. ದಪ್ಪ ದನಿಯವನು "ಅಯ್ಯಯ್ಯೋ" ಎಂದಷ್ಟೇ ಹೇಳಿದ. ನರ್ಸಕ್ಕ ನೋಡಿ ಬಂದು ತಾನು ಕೆರೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಕ್ಲಾಸು ಮುಗಿಯುವ ಗಂಟೆ ಯಾವಾಗ ಹೊಡೆಯಿತೋ, ಮುಂದಿನ ಕ್ಲಾಸಿನವರು ಬಾಗಿಲಲ್ಲಿ ಇಣುಕಿ, ಏನು ನಡೆಯುತ್ತಿದೆ ಎಂದು ಕೇಳಿ, ಅವರೂ ಸಾಲಿಗೆ ಸೇರಿದರು.

ನಾನು ಟ್ರೇ ಹಿಡಿದುಕೊಂಡು ದೂರ ನಿಂತಿದ್ದೆ. ತಪ್ಪು ಮಾಡಿದವಳು ಯಾವ ಮುಖ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುವುದು?

"ಮೇಡಂ" ಎಂದು ಬಂಡೆ ಕರೆದರು. ಹತ್ತಿರ ಹೋದೆ. ಅವರ ಮುಖ ಮತ್ತೆ ಮೊದಲಿನಂತೆ ಗಟ್ಟಿಯಾಗಿತ್ತು.

"ಕೇಳದೆ ಎತ್ಕೊಂಡು ಬಂದಿದ್ದಕ್ಕೆ, ನಂಬರ್ ಕೆರೆಸಿದ್ದಕ್ಕೆ, ನಿಮಗೆ ಸರಿಯಾಗಿ ಬೈಯೋದಿದೆ."

"ಬೈಯಿರಿ ಸಾರ್."

"ಇವತ್ತು ಆಗಲ್ಲ, ಇಷ್ಟು ಜನ ಇದಾರೆ. ಮುಂದಿನ ಕ್ಲಾಸಿಗೆ ಸ್ವಲ್ಪ ಬೇಗ ಬನ್ನಿ. ಬೈಸ್ಕೊಂಡು ಆಮೇಲೆ ಪಾಠಕ್ಕೆ ಹೋಗಿ. ಟರ್ಮ್ ಪೂರ್ತಿ ಇದೆಯಲ್ಲ, ಬೈಯೋಕೇನು ಅವಸರ?"

ಮಾತು ಕಿವಿಗೆ ಬಿತ್ತು, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನನ್ನ ಕೈಯಲ್ಲಿದ್ದ ಟ್ರೇ ಗಡಗಡ ಎಂದಿತು. ನರ್ಸಕ್ಕ ಎದ್ದು ಬಂದು ಅದನ್ನು ಇಸಿದುಕೊಂಡಳು. ಬಂಡೆ ಕಲ್ಲನ್ನು ನನ್ನ ಕಣ್ಣಿನ ಮುಂದೆ ಹಿಡಿದರು. ಏನೂ ಕಾಣಲಿಲ್ಲ, ಎಲ್ಲ ಕಲಸಿದ ಬೆಳಕು.

"ಕಣ್ಣು ಒರೆಸ್ಕೊಳ್ಳಿ ಮೇಡಂ, ಕಾಣತ್ತೆ" ಎಂದ ಹಿಂದಿನಿಂದ ದಪ್ಪ ದನಿಯವನು, ಯಾವ ತಮಾಷೆಯೂ ಇಲ್ಲದೆ.

ಒರೆಸಿಕೊಂಡು ನೋಡಿದೆ. ತಿಳಿ ಗುಲಾಬಿ ಬೆಳಕಿನ ನಡುವೆ ಜೋಳದ ಕಾಳಿಗಿಂತ ಚಿಕ್ಕದೊಂದು ಹನಿ. ಹನಿಯೊಳಗೆ ಸೂಜಿಯ ಮೊನೆಯಷ್ಟು ಒಂದು ಗುಳ್ಳೆ. ಅವರು ಕಲ್ಲನ್ನು ವಾಲಿಸಿದರು. ಗುಳ್ಳೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಆ ಸಮುದ್ರದ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಯಿತು.

"ಕಂಡ್ತಾ?" ಎಂದರು ಬಂಡೆ.

ಹೂಂ ಎಂದು ತಲೆ ಆಡಿಸಿದೆ, ಮತ್ತೆ ತೋರಿಸಿ ಎಂದು ಕೈಸನ್ನೆ ಮಾಡಿದೆ.